ಬಂತಾ ಮಾವ ಕಳಿಸಿದ ದನಿ

ಬಂತಾ ಮಾವನಿಗೆ ತಂದೆತಾಯಿ ಇಟ್ಟ ಹೆಸರು ಬೇರೆಯೇ ಇದೆ. ಆದರೆ ಆ ಹೆಸರು ಹಿಡಿದು ಬೀದಿಯಲ್ಲಿ ಕೂಗಿದರೆ ಅವನೂ ಸೇರಿದಂತೆ ಯಾರೂ ತಿರುಗಿ ನೋಡುವುದಿಲ್ಲ. ‘ಬಂತಾ ಮಾವಾ’ ಎಂದರೆ ಮಾತ್ರ ಯಾರದೋ ಬಚ್ಚಲುಮನೆಯ ನೆಲದಿಂದ, ಮೊಣಕಾಲಿಗೆ ಸಿಮೆಂಟು ಮೆತ್ತಿಕೊಂಡು, ಹಲ್ಲಿನಲ್ಲಿ ಪೆನ್ಸಿಲು ಕಚ್ಚಿಕೊಂಡು ಒಂದು ಬೋಳುತಲೆ ಎದ್ದು ನಿಲ್ಲುತ್ತದೆ. ಅವನು ಟೈಲ್ಸ್ ಹಾಕುವ ಮೇಸ್ತ್ರಿ. ಊರಿನ ಅರ್ಧಕ್ಕರ್ಧ ಜನ ಬೆಳಿಗ್ಗೆ ಎದ್ದು ಓಡುವುದು ಅವನ ಕಲಾಕೃತಿಯ ಮೇಲೆ, ಅದೂ ಬರಿಗಾಲಲ್ಲಿ, ಅರೆನಿದ್ದೆಯಲ್ಲಿ, ತೀರಾ ಅವಸರದಲ್ಲಿ. ಇಷ್ಟು ನಿಯತ್ತಿನ ಪ್ರೇಕ್ಷಕರು ಯಾವ ಚಿತ್ರಕಾರನಿಗೂ ಸಿಕ್ಕಿರಲಿಕ್ಕಿಲ್ಲ.

ಅಡ್ಡಹೆಸರು ಬಂದದ್ದು ಟೈಲ್ಸಿನಿಂದಲ್ಲ, ಇಟ್ಟಿಗೆಯಿಂದ. ಮೀಸೆ ಚಿಗುರುವ ಕಾಲಕ್ಕೆ ಅವನ ಕೆಲಸವೆಂದರೆ ಕಟ್ಟಡದ ಕೆಳಗೆ ನಿಂತು ಮೇಲಿನವನ ಕೈಗೆ ಇಟ್ಟಿಗೆ ಎಸೆಯುವುದು. ಈ ವಿದ್ಯೆಯಲ್ಲಿ ಎಸೆಯುವುದು ದೊಡ್ಡ ಮಾತಲ್ಲ. ಮೇಲಿನವನು ಹಿಡಿದನೋ ಬಿಟ್ಟನೋ ಎಂದು ತಿಳಿದುಕೊಳ್ಳುವುದೇ ದೊಡ್ಡದು. ತಿಳಿಯದೆ ಎರಡನೆಯದಕ್ಕೆ ಬಗ್ಗಿದರೆ ಮೊದಲನೆಯದು ವಾಪಸ್ಸು ಬಂದು, ಎಸೆದವನ ನೆತ್ತಿಯ ಮೇಲೆ ಕುಳಿತು, ತಾನೇ ಖುದ್ದಾಗಿ ಸುದ್ದಿ ಮುಟ್ಟಿಸುತ್ತದೆ. ಹೀಗೆ ಒಂದೆರಡು ಸಲ ಖುದ್ದು ಸುದ್ದಿ ಮುಟ್ಟಿದ ಮೇಲೆ ನಮ್ಮ ನಾಯಕ ಒಂದು ಶಪಥ ಮಾಡಿದ. ಒಂದು ಇಟ್ಟಿಗೆ ಎಸೆಯಬೇಕು; ‘ಬಂತಾ?’ ಎಂದು ಕೂಗಬೇಕು. ಮೇಲಿನಿಂದ ‘ಬಂತು’ ಎಂಬ ಅಮೃತವಾಣಿ ಇಳಿದು ಬರುವ ತನಕ ಇನ್ನೊಂದನ್ನು ಮುಟ್ಟಬಾರದು. ಕಟ್ಟಡದ ಕೆಲಸ ಸ್ವಲ್ಪ ನಿಧಾನವಾಯಿತು. ನೆತ್ತಿ ಮಾತ್ರ ಉಳಿಯಿತು.

ಶಪಥ ಎಂದಮೇಲೆ ಅದು ಕಟ್ಟಡದಲ್ಲೇ ನಿಲ್ಲುತ್ತದೆಯೇ? ಪಂಕ್ತಿಯಲ್ಲಿ ಕೂತವರಿಗೆ ಉಪ್ಪಿನ ಡಬ್ಬಿ ದಾಟಿಸಿದರೂ ‘ಬಂತಾ?’, ಅಂಗಡಿಯವನಿಗೆ ನೋಟು ಕೊಟ್ಟರೂ ‘ಬಂತಾ?’. ಪಕ್ಕದ ಮನೆಯ ಕೂಸನ್ನು ತೊಡೆಯ ಮೇಲಿಂದ ಅದರ ತಾಯಿಯ ಕೈಗೆ ಕೊಡುವಾಗ ‘ಬಂತಾ?’ ಎಂದು ಕೇಳಿ, ‘ಬಂತು ಮಾವ, ಪೂರ್ತಿ ಬಂತು’ ಎಂದು ಅವಳು ಹೇಳುವವರೆಗೆ ಕೂಸಿನ ಒಂದು ಕಾಲು ಹಿಡಿದೇ ಇದ್ದನಂತೆ. ಅಂದಿನಿಂದ ಇಡೀ ಬೀದಿಗೆ ಅವನು ಬಂತಾ ಮಾವ.

ಮದುವೆಯಾದದ್ದೂ ಇದೇ ಕಾರಣಕ್ಕೆ. ಒಮ್ಮೆ ದವಡೆ ಊದಿಸಿಕೊಂಡು ದಂತವೈದ್ಯರ ಕ್ಲಿನಿಕ್ಕಿಗೆ ಹೋಗಿ ಕೂತಿದ್ದ. ಒಳಗಿನಿಂದ ಟೋಕನ್ ಕರೆಯುವ ಹುಡುಗಿ ಹೊರಗೆ ಬಂದು ‘ಹದಿನಾಲ್ಕೂ!’ ಎಂದಳು. ಗೋಡೆಯ ಗಡಿಯಾರ ಅಲುಗಿತು. ಇಬ್ಬರು ರೋಗಿಗಳು ಅಲ್ಲೇ ನೋವು ಮಾಯವಾಗಿ ಎದ್ದು ಮನೆಗೆ ಹೋದರು. ಬಂತಾ ಮಾವ ಮಾತ್ರ ಊದಿದ ಬಾಯನ್ನು ತೆರೆದುಕೊಂಡೇ ಕೂತುಬಿಟ್ಟ. ಅಷ್ಟು ವರ್ಷ ಗಂಟಲು ಹರಿದುಕೊಂಡು ‘ಬಂತಾ, ಬಂತಾ’ ಎಂದು ಕೂಗಿದವನಿಗೆ, ‘ಕೇಳಿಸ್ತಾ?’ ಎಂದು ಕೇಳುವ ಅಗತ್ಯವೇ ಇಲ್ಲದ ದನಿಯೊಂದು ಈ ಲೋಕದಲ್ಲಿದೆ ಎಂದು ಅಂದು ತಿಳಿಯಿತು. ಹಲ್ಲು ಕೀಳಿಸಿಕೊಂಡ, ಮನಸ್ಸು ಕೊಟ್ಟ. ಹೀಗೆ ಬೀದಿಗೆ ಒಬ್ಬಳು ಟೋಕನ್ ಅತ್ತೆ ಬಂದಳು.

ಇಪ್ಪತ್ತು ಚಿಲ್ಲರೆ ವರ್ಷ ಅತ್ತೆ ಊರಿನ ದವಡೆಗಳನ್ನೆಲ್ಲ ಕರೆದಳು. ಆಮೇಲೆ ಒಂದು ದಿನ ಡಾಕ್ಟರು ಗೋಡೆಗೆ ಕೆಂಪು ಅಂಕಿಯ ಪೆಟ್ಟಿಗೆಯೊಂದನ್ನು ತೂಗುಹಾಕಿದರು. ಅದು ‘ಟಿಂಗ್’ ಎನ್ನುತ್ತದೆ, ಅಂಕಿ ಬದಲಾಗುತ್ತದೆ. ಅಷ್ಟೇ. ಅತ್ತೆ ಮನೆಗೆ ಬಂದಳು.

ಮನೆಯಲ್ಲಿ ಆ ದನಿಯನ್ನು ಎಲ್ಲಿಡುವುದು? ಮೊದಮೊದಲು ಊಟಕ್ಕೆ ಕರೆಯುವಾಗ ‘ಒಂದೂ!’ ಎಂದು ಗಂಡನನ್ನು ಕರೆದಳು. ಇದ್ದದ್ದು ಅವನೊಬ್ಬನೇ ಆದ್ದರಿಂದ ‘ಎರಡು’ ಎನ್ನುವ ಸುಖವೂ ಇರಲಿಲ್ಲ. ಬರಬರುತ್ತಾ ಅದನ್ನೂ ಬಿಟ್ಟಳು. ತಟ್ಟೆ ಇಟ್ಟು ಸುಮ್ಮನೆ ಪಕ್ಕದಲ್ಲಿ ಕೂರುತ್ತಿದ್ದಳು. ಕೇಳಿಸಲೇಬೇಕಾದ ದನಿ ಕೇಳಿಸದಿದ್ದರೆ ಮನೆ ಖಾಲಿ ಗೋದಾಮಿನ ಹಾಗೆ. ಸಂತೋಷಪಟ್ಟವರು ಒಬ್ಬರೇ, ಮಹಡಿಯ ಮೇಲಿನ ಮನೆ ಮಾಲೀಕರು. ಅವರು ನಿವೃತ್ತ ಗ್ರಂಥಪಾಲಕರು. ಜೀವಮಾನವಿಡೀ ತುಟಿಯ ಮೇಲೆ ಬೆರಳಿಟ್ಟು ‘ಶ್ಶ್’ ಎಂದದ್ದರಿಂದ ಆ ಬೆರಳು ಅಲ್ಲೇ ಚೂರು ಬಾಗಿ ನಿಂತಿತ್ತು. ಬೀದಿಯವರಿಗೆ ಅವರು ಶ್ ತಾತ.

ಹೀಗಿರುವಾಗ ಅತ್ತೆಯ ತಮ್ಮನಿಂದ ಫೋನು ಬಂತು. ಈ ಬಾಮೈದ ನದಿಯಾಚೆಯ ಊರಿನ ಬಸ್ ನಿಲ್ದಾಣದಲ್ಲಿ ವಿಚಾರಣೆ ಕೌಂಟರಿನ ಗುಮಾಸ್ತ.

“ಅಕ್ಕಾ, ನಮ್ ಸ್ಟ್ಯಾಂಡಿಗೆ ಧ್ವನಿ ಪೆಟ್ಟಿಗೆ ಹಾಕ್ತಿದ್ದಾರೆ. ದಿನವಿಡೀ ಪ್ರಕಟಣೆ. ಒಳ್ಳೆ ದನಿ ಬೇಕಂತೆ. ನಿನ್ನ ಹೆಸರು ಹೇಳಿದ್ದೀನಿ.”

“ಲೋ, ನಿಜವೇನೋ?” ಎಂದಳು ಅತ್ತೆ. ಬಹಳ ದಿನದ ಮೇಲೆ ಪಾತ್ರೆಗಳು ಅಲುಗಿದವು.

“ಮ್ಯಾನೇಜರಿಗೆ ತಮ್ಮ ದನೀನೇ ಹಾಕಿಸ್ಬೇಕು ಅಂತ ಆಸೆ ಕಣಕ್ಕ. ಅವರು ಮಾತಾಡಿದ್ರೆ ಗೇಟು ಎಳೆದ ಹಾಗಿರುತ್ತೆ. ಗುರುವಾರ ಸಂಜೆ ಐದಕ್ಕೆ ಪೆಟ್ಟಿಗೆ ಕೂರಿಸೋರು ಬರ್ತಾರೆ. ಅಷ್ಟೊತ್ತಿಗೆ ನಿನ್ನದು ಬಂದ್ರೆ ನಿನ್ನದು. ಬರದಿದ್ರೆ ಗೇಟು.”

ಅತ್ತೆ ಒಂದು ವಾರ ಅಭ್ಯಾಸ ಮಾಡಿದಳು. ಬೆಳಿಗ್ಗೆ ‘ಪ್ರಯಾಣಿಕರ ಗಮನಕ್ಕೆ’, ಮಧ್ಯಾಹ್ನ ‘ಪ್ರಯಾಣಿಕರ ಗಮನಕ್ಕೆ’. ಬೀದಿಯಲ್ಲಿ ಹೋಗುವವರೆಲ್ಲ ನಿಂತು ಗಮನ ಕೊಟ್ಟು ಮುಂದೆ ಹೋಗುತ್ತಿದ್ದರು. ಶ್ ತಾತ ದಿನಕ್ಕೊಮ್ಮೆ ಮೆಟ್ಟಿಲಿಳಿದು ಬಂದು, ಬಾಗಿಲಲ್ಲಿ ನಿಂತು, ಪಿಸುಮಾತಿನಲ್ಲಿ ಗುಡುಗಿದರು:

“ನೋಡಮ್ಮಾ, ಎಲ್ಲಾ ರೆಕಾರ್ಡ್ ಮಾಡ್ಕೊಳ್ತಾ ಇದ್ದೀನಿ. ಒಂದು ದಿನವೂ ಬಿಟ್ಟಿಲ್ಲ. ಸಾಕ್ಷಿ ಸಮೇತ ದೂರು ಕೊಡ್ತೀನಿ.”

“ಕೊಡಿ ತಾತಾ! ಚೆನ್ನಾಗಿ ಬಂದಿದ್ಯಾ ಅಂತ ಒಂದ್ಸಲ ಕೇಳಿ ನೋಡಿ!” ಎಂದಳು ಅತ್ತೆ. ತಾತ ಎರಡೂ ಕಿವಿ ಮುಚ್ಚಿಕೊಂಡು ಮೇಲೆ ಹೋದರು.

ಗುರುವಾರ ಬೆಳಿಗ್ಗೆ ಅತ್ತೆ ಗಂಡನ ಫೋನು ಹಿಡಿದು ಬಟ್ಟೆಯ ಬೀರುವಿನೊಳಗೆ ಹೊಕ್ಕು ಬಾಗಿಲೆಳೆದುಕೊಂಡಳು. ಕಂಬಳಿ, ಕೋಟುಗಳ ನಡುವೆ ನಿಂತರೆ ದನಿ ದುಂಡಗೆ ಬರುತ್ತದೆಂದು ತಮ್ಮ ಹೇಳಿದ್ದ. ಒಂದೇ ಉಸಿರಿಗೆ ಎಂಬಂತೆ ಇಡೀ ಪ್ರಕಟಣೆ ಮುಗಿಸಿದಳು. ಅಂಥ ದನಿ ಆ ಬೀರು ಹಿಂದೆ ಕಂಡಿರಲಿಲ್ಲ. ಒಂದು ಕೋಟಿನ ಗುಂಡಿ ಉದುರಿತು. ಹೊರಗೆ ಬಂದು ‘ಹೇಗಿತ್ತು?’ ಎಂದು ಕೇಳಲು ಬಾಯಿ ತೆರೆದಳು. ಸೈಕಲ್ ಟೈರಿನಿಂದ ಗಾಳಿ ಹೋದಂಥ ಸದ್ದು ಬಂತು. ವಾರದ ಅಭ್ಯಾಸಕ್ಕೆ ಗಂಟಲು ಕೂತುಹೋಗಿತ್ತು. ಇನ್ನು ಮೂರ್ನಾಲ್ಕು ದಿನ ಮಾತಿಲ್ಲ. ದನಿ ಈಗ ಇದ್ದದ್ದು ಫೋನಿನೊಳಗೆ ಮಾತ್ರ.

ಕಳಿಸುವ ಭಾರ ಬಂತಾ ಮಾವನದು. ಖುದ್ದಾಗಿ ಒಯ್ದು ಕೊಡೋಣವೆಂದರೆ ನದಿಯ ಸೇತುವೆ ದುರಸ್ತಿಗೆಂದು ಮುಚ್ಚಿತ್ತು. ಸುತ್ತುಬಳಸಿ ಹೋದರೆ ಮಾರನೆಯ ದಿನ ತಲುಪಬೇಕು. ಫೋನಿನಲ್ಲೇ ಕಳಿಸಬೇಕು. ಆದರೆ ಅವರ ಮನೆ ಇದ್ದದ್ದು ಗುಡ್ಡದ ಬುಡದಲ್ಲಿ. ಟವರ್ ಇದ್ದದ್ದು ಗುಡ್ಡದ ಆ ಮಗ್ಗುಲಲ್ಲಿ. ಮಾತು ಹೇಗೋ ತೂರಿ ಬರುತ್ತಿತ್ತು; ಫೈಲು ಹೊರುವ ಸಿಗ್ನಲ್ ಎಂಬ ಮಹಾರಾಣಿ ಆ ಮನೆಗೆ ಬಿಜಯಂಗೈಯುತ್ತಿದ್ದುದು ಒಂದೇ ಒಂದು ಜಾಗಕ್ಕೆ: ಬಚ್ಚಲುಮನೆಯ ಕಿಟಕಿಗೆ. ಅದೂ ಬಕೆಟ್ಟು ಬೋರಲು ಹಾಕಿ, ಅದರ ಮೇಲೆ ಒಂಟಿಕಾಲಲ್ಲಿ ನಿಂತು, ಕೈಯನ್ನು ಸರಳುಗಳ ಆಚೆ ಚಾಚಿದರೆ ಎರಡು ಕಡ್ಡಿಯ ರೂಪದಲ್ಲಿ ದರ್ಶನ ಕೊಡುತ್ತಿದ್ದಳು. ಬೀದಿಯಲ್ಲಿ ಒಂದು ಲಾರಿ ಹೋದರೆ ಮುನಿಸಿಕೊಂಡು ಹೊರಟುಹೋಗುತ್ತಿದ್ದಳು.

ಬಂತಾ ಮಾವ ಬಕೆಟ್ಟು ಏರಿದ. ಫೈಲು ಹೊರಟಿತು. ಫೋನಿನ ಪರದೆಯ ಮೇಲೆ ಹಸಿರು ಗೆರೆ ಇರುವೆಯ ಹಾಗೆ ತೆವಳಿ ತೆವಳಿ ಅರ್ಧ ದಾಟಿತು, ಮುಕ್ಕಾಲು ದಾಟಿತು, ಇನ್ನೇನು ದಡ ಮುಟ್ಟಬೇಕು, ಬೀದಿಯಲ್ಲಿ ಲಾರಿ. ‘ಕಳಿಸಲಾಗಲಿಲ್ಲ’ ಎಂದಿತು ಫೋನು. ಮತ್ತೆ ಮೊದಲಿನಿಂದ. ಈ ಸಲ ಮೋಡ. ಮತ್ತೆ ಮೊದಲಿನಿಂದ. ಈ ಸಲ ಯಾವ ಕಾರಣವೂ ಇಲ್ಲ, ರಾಣಿಯ ಮರ್ಜಿ. ಕೆಳಗೆ ಅತ್ತೆ ಸೌಟು ಹಿಡಿದು ನಿಂತಿದ್ದಳು. ಮಾತಿಲ್ಲದ್ದರಿಂದ ಪ್ರತಿ ಸೋಲಿಗೂ ಕೊಳಾಯಿಯ ಮೇಲೆ ಒಂದೇಟು ಬಡಿಯುತ್ತಿದ್ದಳು.

ಕಾಲು ಜೋಮು ಹಿಡಿದು ಬಕೆಟ್ಟಿನಿಂದ ಬೀಳುವ ಕ್ಷಣದಲ್ಲಿ ಬಂತಾ ಮಾವನಿಗೆ ಜ್ಞಾನೋದಯವಾಯಿತು.

“ಲೇ, ನಾನೆಂಥಾ ಪೆದ್ದ! ಯಾವನಾದ್ರೂ ಇಡೀ ಗೋಡೆ ಎತ್ತಿ ಎಸೀತಾನೇನೇ? ಒಂದೊಂದೇ ಇಟ್ಟಿಗೆ ಎಸೀಬೇಕು!”

ಅವನ ಫೋನಿನಲ್ಲಿ ಹಾಡು ಕತ್ತರಿಸಿ ರಿಂಗ್‌ಟೋನ್ ಮಾಡುವ ಆ್ಯಪ್ ಒಂದಿತ್ತು. ಅದರಲ್ಲಿ ಹೆಂಡತಿಯ ದನಿಯನ್ನು ಮಲಗಿಸಿ ಹತ್ತು ಸಮ ತುಂಡು ಮಾಡಿದ. ಮಾತು ಎಲ್ಲಿ ಮುಗಿಯುತ್ತದೆ, ಎಲ್ಲಿ ಶುರುವಾಗುತ್ತದೆ ಎಂದೆಲ್ಲ ನೋಡಲಿಲ್ಲ. ಟೈಲ್ಸ್ ಕತ್ತರಿಸುವವನು ಹೂವಿನ ಚಿತ್ರ ನೋಡುತ್ತಾ ಕೂತರೆ ಅಳತೆ ತಪ್ಪುತ್ತದೆ. ಒಂದು, ಎರಡು, ಮೂರು ಎಂದು ಗುರುತು ಹಾಕಿದ. ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಫೋನು ‘ಜಾಗ ಇಲ್ಲ’ ಎಂದಿತು. ಅದರಲ್ಲಿ ಅವನು ಇಲ್ಲಿಯವರೆಗೆ ಹಾಕಿದ ಎಲ್ಲ ಬಚ್ಚಲುಮನೆ ನೆಲಗಳ ಫೋಟೋ ತುಂಬಿದ್ದವು. ಅವನ್ನು ಅಳಿಸುವುದೆಂದರೆ ಮಕ್ಕಳನ್ನು ಬೀದಿಗೆ ಬಿಟ್ಟಂತೆ. ಅದಕ್ಕೆ ಅವನು ಇಡೀ ಫೈಲನ್ನು ಅಳಿಸಿದ.

ಅತ್ತೆ ಸೌಟು ಎತ್ತಿ ಕಣ್ಣರಳಿಸಿದಳು.

“ಏನೇ ಹಾಗೆ ನೋಡ್ತೀಯ? ಒಂದು ಟೈಲ್ಸ್ ಕತ್ತರಿಸಿ ಹತ್ತು ಚೂರು ಮಾಡಿದ್ಮೇಲೆ ಇಡೀ ಟೈಲ್ಸ್ ಎಲ್ಲಿರುತ್ತೆ? ಚೂರಲ್ಲೇ ಇರುತ್ತೆ!”

ವಾದ ಗಟ್ಟಿಯಾಗಿತ್ತು. ಅತ್ತೆಗೆ ಗಂಟಲಿದ್ದಿದ್ದರೆ ನಿಲ್ಲುತ್ತಿರಲಿಲ್ಲ.

ನಿಯಮ ಸ್ಪಷ್ಟ. ಒಂದು ತುಂಡು ಕಳಿಸಬೇಕು, ‘ಬಂತಾ?’ ಎಂದು ಕೇಳಬೇಕು. ‘ಬಂತು’ ಎಂದ ಕೂಡಲೆ ಆ ತುಂಡನ್ನು ಅಳಿಸಿ ಜಾಗ ಮಾಡಿ ಮುಂದಿನದಕ್ಕೆ ಕೈ ಹಾಕಬೇಕು. ಇಟ್ಟಿಗೆ ಮೇಲೆ ಹೋದಮೇಲೆ ಕೆಳಗೆ ಉಳಿಯುತ್ತದೆಯೇ?

“ಒಂದು ಬಂತಾ?”

“ಬಂತು ಭಾವ.”

“ಎರಡು ಬಂತಾ?”

“ಬಂತು ಭಾವ, ಬಂತು.”

“ಮೂರು?”

“ಬಂತೂಊ.”

ಬಂತಾ ಮಾವನಿಗೆ ಆನಂದಬಾಷ್ಪ ಬರುವುದೊಂದು ಬಾಕಿ. ಎಂಥ ಕೈ! ಮೇಲಿನವನು ಒಂದೂ ಬಿಡುತ್ತಿಲ್ಲ! ಸಿಗ್ನಲ್ ಸತ್ತು ಹುಟ್ಟುತ್ತಿದ್ದರೂ, ಹಸಿರು ಗೆರೆ ನಡುವೆ ನಿಂತೇ ಹೋದರೂ, ಬಾಮೈದನ ‘ಬಂತು’ ಮಾತ್ರ ಠಣ್ಣನೆ ಬರುತ್ತಿತ್ತು. ನಾಲ್ಕನೆಯದಕ್ಕಂತೂ ಕೇಳುವ ಮೊದಲೇ ಬಂತು. ಹತ್ತೂ ಮುಗಿದು, ಹತ್ತೂ ಅಳಿಸಿ, ಬಕೆಟ್ಟಿನಿಂದ ಇಳಿದು, ದಿಗ್ವಿಜಯ ಮುಗಿಸಿದವನ ಹಾಗೆ ಟವೆಲಿನಿಂದ ಹಣೆ ಒರೆಸಿಕೊಂಡ.

ಇಲ್ಲಿ ಬಾಮೈದನ ವಿಷಯ ಎರಡು ಮಾತು ಹೇಳಲೇಬೇಕು. ವಿಚಾರಣೆ ಕೌಂಟರಿನ ಕಿಂಡಿಯಲ್ಲಿ ದಿನವಿಡೀ ಮುಖಗಳು ತೂರಿ ಬರುತ್ತವೆ. ‘ಬಸ್ಸು ಬಂತಾ ಸಾರ್?’ ‘ಬಂತು, ಬಂತು.’ ಬಂದಿಲ್ಲ ಎಂದರೆ ಜಗಳ. ಬಂತು ಎಂದರೆ ಅವರೇ ಹುಡುಕಿಕೊಂಡು ಹೋಗುತ್ತಾರೆ. ಮನೆಯಲ್ಲೂ ಅಷ್ಟೇ. ಅಕ್ಕನ ಫೋನು ಬಂದರೆ ಮೇಜಿನ ಮೇಲಿಟ್ಟು, ಹತ್ತಡಿ ದೂರ ಕೂತು, ನಡುನಡುವೆ ‘ಹೂಂ’ ಎನ್ನುತ್ತಾನೆ. ಹುಟ್ಟಿದಾಗಿನಿಂದ ಆ ದನಿಯ ಪಕ್ಕ ಬೆಳೆದವನು, ಕೇಳದೆ ಬದುಕುವ ಕಲೆ ಅವನಿಗೆ ಕರಗತ.

ಮೂರು ಗಂಟೆಗೆ ಅವನದೇ ಫೋನು ಬಂತು.

“ಭಾವಾ… ಮ್ಯಾನೇಜರು ಕೇಳಿದ್ರು… ನಗ್ತಾ ಇದ್ದಾರೆ.”

“ಯಾಕೆ? ಸಂತೋಷಕ್ಕಾ?”

“ಅಕ್ಕ ಹೇಳಿದ್ದಾಳೆ, ‘ನಿಮ್ಮ ಪುಟ್ಟ ಮಕ್ಕಳನ್ನು ಕಸದ ಬುಟ್ಟಿಯಲ್ಲೇ ಹಾಕಿ’ ಅಂತ.”

“ಏನೂ!”

“ಆಮೇಲೆ, ‘ಚಲಿಸುತ್ತಿರುವ ಬಸ್ಸನ್ನು ಮಡಚಿ ಜೇಬಿನಲ್ಲಿಟ್ಟುಕೊಳ್ಳಿ’ ಅಂತಾನೂ ಇದೆ. ಆಮೇಲೆ ‘ನಮ್ಮ ನಿಲ್ದಾಣಕ್ಕೆ ಬಂದಿದ್ದಕ್ಕೆ’ ಅಂದು ನಿಂತುಬಿಡುತ್ತೆ. ಬಂದಿದ್ದಕ್ಕೆ ಏನು ಮಾಡ್ತಾರೆ ಅಂತ ಹೇಳೋದೇ ಇಲ್ಲ ಭಾವ. ಹೆದರಿಕೆ ಆಗುತ್ತೆ.”

ಬಂತಾ ಮಾವನ ಟವೆಲು ಜಾರಿತು. “ಲೋ, ನಿನ್ನ ಹತ್ರ ಎಷ್ಟು ತುಂಡು ಇವೆ?”

“ಏಳು.”

“ಹತ್ತಕ್ಕೂ ಬಂತು ಅಂದ್ಯಲ್ಲೋ!”

“ಮತ್ತೆ ಏನನ್ಲಿ ಭಾವ? ನೀವು ಹಿರಿಯರು. ಕಳಿಸಿದ್ದೀನಿ ಅಂತೀರಿ. ಬಂದಿಲ್ಲ ಅಂದ್ರೆ ನೀವು ಕಳಿಸೇ ಇಲ್ಲ, ಸುಳ್ಳು ಹೇಳ್ತಿದ್ದೀರಿ ಅಂದ ಹಾಗಾಗಲ್ವಾ? ಮರ್ಯಾದೆ ಬೇಡ್ವಾ?”

ನಾಲ್ಕು, ಏಳು, ಹತ್ತು ಎಂಬ ಮೂರು ತುಂಡುಗಳು ಗುಡ್ಡಕ್ಕೂ ನದಿಗೂ ನಡುವೆ ಎಲ್ಲೋ ಆವಿಯಾಗಿದ್ದವು. ಇಲ್ಲಿ ಅಳಿಸಿಯಾಗಿತ್ತು, ಅಲ್ಲಿ ತಲುಪಿರಲಿಲ್ಲ. ಅತ್ತೆ ಎಲ್ಲ ಕೇಳಿಸಿಕೊಂಡಿದ್ದಳು. ಸೌಟು ಎತ್ತಲಿಲ್ಲ, ಕೊಳಾಯಿ ಬಡಿಯಲಿಲ್ಲ. ಮೆಲ್ಲಗೆ ಹೋಗಿ, ಬೀರುವಿನ ಬಾಗಿಲು ತೆರೆದು, ಕೋಟುಗಳ ನಡುವೆ ಒಂದು ಸ್ಟೂಲು ಎಳೆದುಕೊಂಡು ಕೂತಳು. ಬೈದಿದ್ದರೆ ಬಂತಾ ಮಾವ ತಡೆದುಕೊಳ್ಳುತ್ತಿದ್ದ. ಇದನ್ನು ತಡೆಯಲಾಗಲಿಲ್ಲ.

“ಲೇ, ಹೊರಗೆ ಬಾರೇ…”

ಒಳಗಿನಿಂದ ಗಾಳಿಯಂಥ ಪಿಸುಮಾತು: “ಟಿಂಗ್.”

ಅಷ್ಟರಲ್ಲಿ ಮೆಟ್ಟಿಲ ಮೇಲೆ ಮೆತ್ತನೆಯ ಚಪ್ಪಲಿಯ ಸದ್ದು. ಶ್ ತಾತ ಬಾಗಿಲಲ್ಲಿ ಇಣುಕಿದರು. “ಏನಪ್ಪಾ, ಬೆಳಿಗ್ಗೆ ಬೀರು ಒಳಗಿಂದಾನೂ ಶುರುಮಾಡಿದ್ಳಲ್ಲ? ಅದೂ ನನ್ನ ಹತ್ರ ಇದೆ. ಮೆಟ್ಟಿಲ ಗಾಳಿಕಿಂಡಿಗೆ ಫೋನು ಹಿಡಿದುಕೊಂಡು ಕೂತಿದ್ದೆ. ಮೊದಲಿನಿಂದ ಕೊನೆವರೆಗೆ. ನಾಳೆನೇ ದೂರು!”

ಬಂತಾ ಮಾವ ಒಮ್ಮೆ ಬೀರು ನೋಡಿದ. ಅದರ ಹಿಂದಿನ ಗೋಡೆ ನೋಡಿದ. ಗೋಡೆಯ ಮೇಲಿನ ಗಾಳಿಕಿಂಡಿ ನೋಡಿದ. ಅದರಾಚೆ ಮೆಟ್ಟಿಲು. ಮರುಕ್ಷಣ ಅವನು ಶ್ ತಾತನ ಎರಡೂ ಕಾಲು ಹಿಡಿದುಕೊಂಡಿದ್ದ.

“ತಾತಾ, ನೀವು ದೇವರು!”

“ಶ್ಶ್! ಕಾಲು ಬಿಡು. ದೂರು ಕೊಡೋನು ದೇವರು ಹೇಗಾಗ್ತಾನೆ?”

ವಿಷಯ ತಿಳಿದ ತಾತ ಬಹಳ ಹೊತ್ತು ಯೋಚಿಸಿದರು. ವಾರವಿಡೀ ಕಷ್ಟಪಟ್ಟು ಕೂಡಿಸಿದ ಸಾಕ್ಷಿಯನ್ನು ಆರೋಪಿಯ ಕೈಗೇ ಕೊಡುವುದೇ? ಕೊನೆಗೆ ಬಾಗಿದ ಬೆರಳಿನಿಂದ ಗಲ್ಲ ಕೆರೆದು ಕೇಳಿದರು:

“ಈ ದನಿ ನದಿಯಾಚೆ ಹೋಗುತ್ತೆ ಅಂತೀಯ?”

“ಹೌದು ತಾತ.”

“ಅಲ್ಲೇ ಇರುತ್ತೆ?”

“ದಿನವಿಡೀ.”

“ಇಲ್ಲಿ ಅಭ್ಯಾಸ?”

“ಇನ್ನು ಯಾಕೆ ತಾತ?”

“ನಡಿ ಮೇಲೆ,” ಎಂದರು ತಾತ. “ಮಹಡಿಯಲ್ಲಿ ಸಿಗ್ನಲ್ ಸ್ವಲ್ಪ ಚೆನ್ನಾಗಿದೆ. ಆದ್ರೆ ಪಿಸುಮಾತಲ್ಲಿ ಮಾತಾಡ್ಬೇಕು.”

ಹೀಗೆ ಎರಡನೆಯ ಮಹಾಯುದ್ಧ ತಾತನ ಫೋನು ಹಿಡಿದು ಬಿಸಿಲುಮಚ್ಚಿನ ಮೇಲೆ ಪಿಸುಮಾತಿನಲ್ಲಿ ಶುರುವಾಯಿತು. ತಾತನ ಸಾಕ್ಷಿಯಿಂದ ಬೇಕಾದ ಮೂರು ತುಂಡುಗಳನ್ನಷ್ಟೇ ಅಳೆದು ಕತ್ತರಿಸಿದ. ಕೊನೆಯ ತುಂಡನ್ನು ತಾತನ ರೆಕಾರ್ಡು ಮುಗಿಯುವವರೆಗೂ ಬಿಟ್ಟ. ಅಂಚಿನ ಟೈಲ್ಸನ್ನು ಗೋಡೆ ಮುಟ್ಟುವವರೆಗೆ ಹಾಕಬೇಕಲ್ಲ. ಇಡೀ ಫೈಲನ್ನು ಈ ಸಲ ಅಳಿಸಲಿಲ್ಲ. ಅಳಿಸಲು ಬೆರಳು ಹೋಯಿತು; ಪಕ್ಕದಲ್ಲಿ ನಿಂತಿದ್ದ ಅತ್ತೆಯ ಸೌಟು ಬೆರಳಿಗೆ ಬುದ್ಧಿ ಹೇಳಿತು. ಇನ್ನೊಂದು ಕೈಯಲ್ಲಿ ಅವಳು ಮನೆಯ ಅತಿ ದೊಡ್ಡ ಸ್ಟೀಲು ತಟ್ಟೆಯನ್ನು ಫೋನಿನ ಹಿಂದೆ ಹಿಡಿದಿದ್ದಳು. ಮಹಾರಾಣಿ ಬಂದರೆ ಕನ್ನಡಿ ನೋಡಿಕೊಳ್ಳುತ್ತಾ ಸ್ವಲ್ಪ ಹೊತ್ತು ನಿಂತಾಳು ಎಂಬ ಆಸೆ.

ಬಾಮೈದನಿಗೆ ಹೊಸ ನಿಯಮ ಹೊರಟಿತು.

“ನೋಡೋ, ಇನ್ಮೇಲೆ ನೀನು ‘ಬಂತು’ ಅನ್ನಬಾರದು. ಆ ಮಾತೇ ಬೇಡ. ತುಂಡು ಬಂದ್ಮೇಲೆ ಕಿವಿಗಿಟ್ಟು ಕೇಳು. ಕೊನೆಯ ಮಾತು ಏನು ಅಂತ ನನಗೆ ಹೇಳು. ನಾನು ಕಳಿಸಿದ್ದರ ಕೊನೆಯ ಮಾತೂ ಅದೇ ಆದ್ರೆ ಮುಂದಿನದು.”

“ಕೇಳ್ಬೇಕಾ ಭಾವ?” ಎಂದ ಬಾಮೈದ. “ಅಕ್ಕನ್ನಾ?”

“ಹೂಂ. ನಾಲ್ಕು ಕಳಿಸಿದೆ. ಹೇಳು.”

“ಬಂ…”

“ಲೋ!”

ಬಹಳ ಸಂಕೋಚದಿಂದ, ಬಟ್ಟೆ ಜಾರಿದವನ ಹಾಗೆ: “ಭಾವಾ, ತಪ್ಪು ತಿಳೀಬೇಡಿ. ಬಂದಿಲ್ಲ.”

“ಭೇಷ್ ಮಗನೇ!” ಎಂದು ಬಂತಾ ಮಾವ ಪಿಸುಮಾತಿನಲ್ಲೇ ಕುಣಿದ. ಅವನ ಜೀವನದಲ್ಲಿ ಯಾವ ‘ಬಂತು’ವೂ ಈ ‘ಬಂದಿಲ್ಲ’ದಷ್ಟು ಸುಖ ಕೊಟ್ಟಿರಲಿಲ್ಲ. ಮತ್ತೆ ಕಳಿಸಿದ. ಮತ್ತೆ ‘ಬಂದಿಲ್ಲ ಭಾವ’. ಅತ್ತೆ ತಟ್ಟೆಯನ್ನು ಓರೆ ಮಾಡಿದಳು. ಮತ್ತೆ ಕಳಿಸಿದ.

“ಭಾವ! ‘ಕೈ ಹಿಡಿದೇ ನಡೆಸಿ. ಬಾಳೆಹಣ್ಣಿನ ಸಿಪ್ಪೆಯನ್ನು’ ಅಂತ ಇದೆ. ಸಿಪ್ಪೆಯನ್ನು ಏನು ಮಾಡ್ಬೇಕು?”

“ಅದು ಐದನೇ ತುಂಡಿನ ತಲೆನೋವು ಕಣೋ. ಸಿಪ್ಪೆಯನ್ನು. ಸರಿ ಇದೆ! ಏಳು ಕಳಿಸ್ತಿದ್ದೀನಿ.”

ಏಳು ಹೋಯಿತು, ಬಿತ್ತು, ಎದ್ದಿತು, ಹೋಯಿತು. ‘ಟಿಕೆಟ್ಟನ್ನು’ ಎಂದ ಬಾಮೈದ. ‘ಟಿಕೆಟ್ಟನ್ನು’ ಎಂದ ಭಾವ. ಐದಕ್ಕೆ ಇನ್ನು ಸ್ವಲ್ಪವೇ ಹೊತ್ತು. ಪೆಟ್ಟಿಗೆ ಕೂರಿಸುವವರು ಏಣಿ ಹತ್ತುತ್ತಿದ್ದಾರೆಂದು ಬಾಮೈದ ವರದಿ ಕೊಟ್ಟ. ಮ್ಯಾನೇಜರು ಕನ್ನಡಿ ಮುಂದೆ ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದರಂತೆ; ಗೇಟು ಎಳೆಯುವ ಸದ್ದು ಫೋನಿನಲ್ಲೂ ಕೇಳುತ್ತಿತ್ತು. ಹತ್ತನೆಯದು ಹೊರಟಿತು. ಹಸಿರು ಗೆರೆ ಅರ್ಧ ದಾಟಿತು, ಮುಕ್ಕಾಲು ದಾಟಿತು. ಬೀದಿಯ ತಿರುವಿನಲ್ಲಿ ಲಾರಿಯೊಂದು ಮೂತಿ ತೋರಿಸಿತು. ತಾತ, ಮೌನದ ಆ ಮಹರ್ಷಿ, ಬಿಸಿಲುಮಚ್ಚಿನ ಅಂಚಿಗೆ ಓಡಿ, ಎರಡೂ ಕೈ ಎತ್ತಿ, ಜೀವಮಾನದಲ್ಲೇ ಮೊದಲ ಸಲ ಅರಚಿದರು:

“ನಿಲ್ಲಿಸಯ್ಯಾ ಲಾರೀನಾ!”

ಲಾರಿ ನಿಂತಿತು. ಗೆರೆ ದಡ ಮುಟ್ಟಿತು.

“ಕೊನೆಯ ಮಾತು ಹೇಳೋ!”

“ಭಾವ… ‘ಧನ್ಯವಾದಗಳು, ಶುಭ ಪ್ರಯಾಣ’ ಅಂತಾಳೆ. ಆಮೇಲೆ ಯಾರೋ ಗಂಡಸು… ‘ಶ್ಶ್! ಸಾಕು, ಬಾಯಿ ಮುಚ್ಚಿ!’ ಅಂತಾರೆ.”

ಬಂತಾ ಮಾವ ತನ್ನ ತುಂಡಿನ ಕೊನೆಯನ್ನು ಕಿವಿಗಿಟ್ಟು ಕೇಳಿದ. ‘ಶ್ಶ್! ಸಾಕು, ಬಾಯಿ ಮುಚ್ಚಿ!’

“ಸರಿ ಇದೆ!” ಎಂದ ಹೆಮ್ಮೆಯಿಂದ. “ಅಕ್ಷರ ಅಕ್ಷರವೂ ಸರಿ ಇದೆ! ಪೆಟ್ಟಿಗೆಗೆ ಹಾಕು!”

ಪಕ್ಕದಲ್ಲಿ ತಾತ ಕೆಂಪಗಾಗಿ, “ಅಯ್ಯಾ, ಆ ಕೊನೆಯದು ನಾನು…” ಎನ್ನುತ್ತಿದ್ದರು. ಅವರ ಪಿಸುಮಾತು ಬಂತಾ ಮಾವನ ಜಯಘೋಷದಲ್ಲಿ ಮುಳುಗಿಹೋಯಿತು. ಕಳಿಸಿದ್ದು ಕಳಿಸಿದ ಹಾಗೇ ತಲುಪಿತೇ, ಇಲ್ಲವೇ? ಅವನ ಧರ್ಮ ಅಲ್ಲಿಗೆ ಮುಗಿಯಿತು. ಇಟ್ಟಿಗೆ ಎಸೆಯುವವನು ಇಟ್ಟಿಗೆಯೊಳಗೆ ಏನಿದೆ ಎಂದು ಒಡೆದು ನೋಡುತ್ತಾನೆಯೇ?

ಸೇತುವೆ ತೆರೆದ ದಿನ ಮೂವರೂ ನದಿ ದಾಟಿ ಬಸ್ ನಿಲ್ದಾಣಕ್ಕೆ ಹೋದರು. ಸಾವಿರ ಜನದ ಗದ್ದಲ. ಕಂಬದ ಮೇಲಿನ ಪೆಟ್ಟಿಗೆ ಕೆಮ್ಮಿತು. “ಪ್ರಯಾಣಿಕರ ಗಮನಕ್ಕೆ!” ಪಾರಿವಾಳಗಳು ಹಾರಿಹೋದವು. ಅತ್ತೆ ಗಂಡನ ತೋಳು ಬಿಗಿಯಾಗಿ ಹಿಡಿದುಕೊಂಡಳು. ಮಕ್ಕಳ ಕೈ ಹಿಡಿಯಲಾಯಿತು, ಸಿಪ್ಪೆ ಬುಟ್ಟಿ ಸೇರಿತು, ಟಿಕೆಟ್ಟು ಜೇಬು ಸೇರಿತು. “ಧನ್ಯವಾದಗಳು, ಶುಭ ಪ್ರಯಾಣ!” ಅದರ ಬೆನ್ನಿಗೇ, ಗಾಳಿಕಿಂಡಿಯ ಆಳದಿಂದ ಎಂಬಂತೆ: “ಶ್ಶ್! ಸಾಕು, ಬಾಯಿ ಮುಚ್ಚಿ!”

ಇಡೀ ನಿಲ್ದಾಣ ಸ್ತಬ್ಧವಾಯಿತು. ಜಗಳವಾಡುತ್ತಿದ್ದ ಕಂಡಕ್ಟರು ಬಾಯಿ ಮುಚ್ಚಿದ. ಅಳುತ್ತಿದ್ದ ಕೂಸು ಮುಚ್ಚಿತು. ಹಾರನ್ ಒತ್ತುತ್ತಿದ್ದ ಡ್ರೈವರು ಕೈ ತೆಗೆದ.

ಅತ್ತೆ ತಿರುಗಿದಳು. ಗಂಟಲು ಅಷ್ಟರಲ್ಲಿ ವಾಪಸ್ಸು ಬಂದಿತ್ತು.

“ಅದು ಯಾರದ್ರೀ ದನೀ!”

ತಾತ ಕಂಬದ ಹಿಂದೆ ಹೋಗಿ ನಿಂತರು. ಮ್ಯಾನೇಜರು ಓಡಿ ಬಂದು ಅತ್ತೆಗೆ ಕೈಮುಗಿದರು. “ಅದನ್ನ ಮಾತ್ರ ತೆಗೀಬೇಡಿ ತಾಯಿ. ಈ ಸ್ಟ್ಯಾಂಡಿನಲ್ಲಿ ಯಾರು ಹೇಳಿದ್ರೂ ಯಾರೂ ಕೇಳ್ತಿರಲಿಲ್ಲ. ನಿಮ್ಮ ಮಾತು ಮುಗಿದು ಅವರ ಮಾತು ಬಂದ್ರೆ, ಮುಂದಿನ ಬಸ್ಸಿನ ಹೆಸರು ಸೂಜಿ ಬಿದ್ದ ಹಾಗೆ ಕೇಳ್ಸುತ್ತೆ. ಮುಂದಿನ ಪ್ರಕಟಣೆಗಳಿಗೂ ನೀವೇ ಬರ್ಬೇಕು. ಅವರನ್ನೂ ಕರ್ಕೊಂಡು ಬನ್ನಿ.”

ಗ್ರಂಥಾಲಯದಲ್ಲಿ ಹತ್ತಿಪ್ಪತ್ತು ಜನರ ಬಾಯಿ ಮುಚ್ಚಿಸಿದ್ದ ತಾತನಿಗೆ ಮುಪ್ಪಿನಲ್ಲಿ ಸಾವಿರ ಬಾಯಿಗಳ ಸಾಮ್ರಾಜ್ಯ ದೊರೆಯಿತು. ಈಗ ವಾರಕ್ಕೊಮ್ಮೆ ಯಾವ ಊರಿಗೂ ಹೋಗಬೇಕಿಲ್ಲದಿದ್ದರೂ ನಿಲ್ದಾಣಕ್ಕೆ ಹೋಗಿ ಬೆಂಚಿನಲ್ಲಿ ಕೂತು ತಮ್ಮ ದನಿಯನ್ನು ತಾವೇ ಕೇಳಿ ಬರುತ್ತಾರೆ. ಬಾಮೈದ ಮಾತ್ರ ಪೆಟ್ಟಿಗೆಯ ಕೆಳಗೇ ಕೂರಬೇಕು. ಅಕ್ಕ ಪ್ರತಿ ಸಲ ‘ಪ್ರಯಾಣಿಕರ ಗಮನಕ್ಕೆ’ ಎಂದಾಗಲೂ ಅವನ ಬಾಯಿಂದ ತಾನೇ ತಾನಾಗಿ ‘ಹೂಂ’ ಹೊರಡುತ್ತದೆ.

ಇನ್ನು ಬಂತಾ ಮಾವ. ಕೊನೆಯ ಮಾತಿನ ನಿಯಮ ಅವನಿಗೆ ಎಷ್ಟು ಹಿಡಿಸಿತೆಂದರೆ ಮನೆಯಲ್ಲೂ ಅದನ್ನೇ ಜಾರಿಗೆ ತಂದ. ಹೆಂಡತಿ ಏನೇ ಹೇಳಲಿ, ಅವಳ ಕೊನೆಯ ಮಾತನ್ನು ಹಿಡಿದು ವಾಪಸ್ಸು ಕೊಡುತ್ತಾನೆ. ಗಂಡ ಇಷ್ಟು ಗಮನ ಕೊಟ್ಟು ಕೇಳುತ್ತಾನಲ್ಲ ಎಂದು ಅತ್ತೆ ಕೆಲವು ದಿನ ಹಿಗ್ಗಿದಳು. ಆಮೇಲೆ ಅನುಮಾನ ಬಂತು.

ಒಂದು ಭಾನುವಾರ ಅವನು ಕುರ್ಚಿಯಲ್ಲಿ ಒರಗಿ ಫೋನಿನಲ್ಲಿ ಯಾರದೋ ಬಚ್ಚಲುಮನೆಯ ನೆಲ ನೋಡುತ್ತಾ ಕೂತಿದ್ದಾಗ ಅತ್ತೆ ಬಾಗಿಲಲ್ಲಿ ನಿಂತು ಹೇಳಿದಳು:

“ರೀ, ತಮ್ಮ ಫೋನು ಮಾಡಿದ್ದ, ಚೆನ್ನಾಗಿದ್ದಾನಂತೆ. ಅಡುಗೆಮನೆ ನಲ್ಲಿಯ ತಿರುಪು ಕಿತ್ತು ಬಂದಿದೆ, ನೀರು ಸುರೀತಾ ಇದೆ, ಬೇಗ ಬನ್ನಿ. ಹವಾ ಎಷ್ಟು ತಂಪಾಗಿದೆ.”

“ತಂಪಾಗಿದೆ,” ಎಂದ ಬಂತಾ ಮಾವ, ಕಣ್ಣೆತ್ತದೆ.

ಅತ್ತೆ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲೇ ಕಾದಳು. ಸ್ವಲ್ಪ ಹೊತ್ತಿಗೆ, ಅವನೇ ಕೈಯಾರೆ ಒಂದು ಕೂದಲೆಳೆಯೂ ಏರುಪೇರಿಲ್ಲದೆ ಹಾಕಿದ್ದ ನೆಲದ ಮೇಲೆ ನೀರಿನ ಹಾಳೆಯೊಂದು ನಯವಾಗಿ ಜಾರಿಕೊಂಡು ಬಂದು ಅವನ ಎರಡೂ ಪಾದ ಮುಟ್ಟಿತು.

“ಬಂತಾ?” ಎಂದಳು ಅತ್ತೆ. ಬೀರುವಿನೊಳಗಿನ ಕೋಟುಗಳು ಅಲುಗಿದವು.

ಬಂತಾ ಮಾವ ಕಾಲು ನೋಡಿಕೊಂಡ.

“ಬಂತು ಕಣೇ,” ಎಂದ. “ಪೂರ್ತಿ ಬಂತು.”